ಅಂಡಪುಟಿಕೆಗಳ ಬೆಳವಣಿಗೆ: ಫಲಟಣದ ಕುರಿಗಳು ಕಲಿಸುವ ಪಾಠ



ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಯ ಹಿಂಡುಗಳು ತಂಗಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ರಜೆಯಲ್ಲಿ ಪುಣೆಯಿಂದ ಸೋಲಾಪುರದ ಹಾದಿ ಹಿಡಿದು ಊರಿಗೆ ಹೋಗುವಾಗ ಇಂತಹ ಹಿಂಡುಗಳು ಬಸ್ಸಿನ ಕಿಟಕಿಗೇ ಕಾಣಸಿಗುವುವು. ಈ ಕಡೆ ಕುರಿ ಕಾಯುವವರು ಧನಗರರು, ನಮ್ಮ ವಿಜಯಪುರ ಬಾಗಲಕೋಟೆಗಳ ಕಡೆ ಕುರುಬರು. ಹೆಸರು ಬೇರೆಯಾದರೂ ಕಸುಬು ಒಂದೇ, ಹೆಗಲ ಮೇಲಿನ ಕಂಬಳಿಯೂ ಒಂದೇ. ಅವರು ಸಾಕುವ ಕುರಿಗಳಲ್ಲಿ ದಖ್ಖನಿ ತಳಿಯವೇ ಬಹಳ. ಈ ದಖ್ಖನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿಯನ್ನು ಈಯುವುದು. ಬಂಗಾಳದ ಸುಂದರಬನ ಪ್ರದೇಶದಲ್ಲಿ ಗರೋಲ್ ಎಂಬ ಇನ್ನೊಂದು ಕುರಿಯುಂಟು. ಅದರ ಮೈ ತೀರ ಸಣ್ಣದು. ಬೆಳೆದ ಹೆಣ್ಣುಕುರಿ ಹತ್ತು ಹದಿನೈದು ಕಿಲೋ ತೂಗುವುದು ಅಷ್ಟೆ. ಆದರೂ ಅದು ಒಂದೇ ಸೂಲಿಗೆ ಎರಡು, ಕೆಲವೊಮ್ಮೆ ಮೂರು ಮರಿಗಳನ್ನು ಈಯುವುದು. ದೊಡ್ಡ ಮೈಯ ಕುರಿಗೆ ಒಂದು ಮರಿ, ಸಣ್ಣ ಮೈಯ ಕುರಿಗೆ ಎರಡು ಮೂರು. ಇದೇಕೆ?

ಈ ಪ್ರಶ್ನೆಗೆ ಉತ್ತರವು ಕುರಿಯ ಅಂಡಾಶಯದೊಳಗಿನ ಅಂಡಪುಟಿಕೆಗಳಲ್ಲಿದೆ. ಆ ಪುಟಿಕೆಗಳು ಹೇಗೆ ಬೆಳೆಯುವುವು, ಅವುಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವುದು ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸುವೆವು.

ಇದನ್ನು ಬರೆಯಲು ನಮಗೆ ಇನ್ನೊಂದು ಕಾರಣವೂ ಉಂಟು. ನಾವು ವಿಜ್ಞಾನದ ಪದವೀಧರರಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತು, ಕನ್ನಡ ಕಲಿಸಲೆಂದು ಈ ಊರಿಗೆ ಬಂದವರು. ಒಂದು ವರ್ಷ ವಿಜ್ಞಾನದ ಗುರುಗಳು ರಜೆಯಲ್ಲಿದ್ದಾಗ ಅವರ ವರ್ಗವನ್ನು ನಾವು ತೆಗೆದುಕೊಳ್ಳಬೇಕಾಯಿತು. ಸಂತಾನೋತ್ಪತ್ತಿಯ ಪಾಠ ಬಂದಿತು. ಹುಡುಗಿಯರು ತಲೆ ತಗ್ಗಿಸಿದರು. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾವು ಆ ಪುಟಗಳನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದೆ ಸರಿದೆವು. ಎರಡು ದಿನಗಳ ಮೇಲೆ ನಮ್ಮ ಮೇಜಿನ ಮೇಲೆ, ಹಾಜರಿ ಪುಸ್ತಕದೊಳಗೆ, ಒಂದು ಚೀಟಿ ಇದ್ದಿತು. “ಎರಡು ತಿಂಗಳಾದರೂ ನನಗೆ ಮುಟ್ಟು ಬಂದಿಲ್ಲ. ಮನೆಯಲ್ಲಿ ಹೇಳಲು ಅಂಜಿಕೆ. ನನ್ನಲ್ಲಿ ಏನಾದರೂ ದೋಷವಿದೆಯೆ?” ಎಂದು ಅದರಲ್ಲಿ ಬರೆದಿದ್ದಿತು. ಹೆಸರಿರಲಿಲ್ಲ. ಹೆಸರಿದ್ದಿದ್ದರೂ ಹೇಳಲು ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಬಿಟ್ಟ ಪಾಠವನ್ನು ಇಂದು ಮಾಡುತ್ತಿದ್ದೇವೆ.

ಪುಟಿಕೆಯೆಂದರೇನು?

ಗರ್ಭಕೋಶದ ಎರಡು ಪಕ್ಕಗಳಲ್ಲಿ ಒಂದೊಂದು ಅಂಡಾಶಯವಿರುವುದು. ಬೆಳೆದ ಸ್ತ್ರೀಯಲ್ಲಿ ಅದು ಸಿಪ್ಪೆಸಹಿತವಾದ ಬಾದಾಮಿಯಷ್ಟು ದೊಡ್ಡದು. ಅದರಲ್ಲಿ ಅಂಡಾಣುಗಳು ಬಿಡಿಬಿಡಿಯಾಗಿ ಬಿದ್ದಿರುವುದಿಲ್ಲ. ಪ್ರತಿಯೊಂದು ಅಂಡಾಣುವನ್ನೂ ಬೇರೆ ಸಣ್ಣ ಜೀವಕೋಶಗಳು ಸುತ್ತುಗಟ್ಟಿ ಒಂದು ಕಿರುಚೀಲವನ್ನು ರಚಿಸಿರುವುವು. ಈ ಕಿರುಚೀಲಕ್ಕೆ ಅಂಡಪುಟಿಕೆಯೆಂದು ಹೆಸರು. ಹಸಿಗಡಲೆಯ ಸುಲಗಾಯಿಯನ್ನು ನೆನೆಯಿರಿ. ಹೊರಗೆ ಉಬ್ಬಿದ ಸಿಪ್ಪೆ, ಒಳಗೆ ಕಾಳು. ಸುಲಗಾಯಿಯ ಸ್ಥಾನದಲ್ಲಿ ಪುಟಿಕೆ, ಕಾಳಿನ ಸ್ಥಾನದಲ್ಲಿ ಅಂಡಾಣು.

ಹಾಲೆಂಡ್ ದೇಶದ ವೈದ್ಯನಾದ ರೆನಿಯರ್ ಡಿ ಗ್ರಾಫ್ ಎಂಬವನು ೧೬೭೨ರಲ್ಲಿ ಈ ಪುಟಿಕೆಗಳನ್ನು ವಿವರವಾಗಿ ವರ್ಣಿಸಿದನು. ಆದರೆ ಅವನು ಇಡೀ ಚೀಲವನ್ನೇ ಅಂಡವೆಂದು ಬಗೆದನು. ಪುಟಿಕೆಯೊಳಗೆ ಅಡಗಿರುವ ನಿಜವಾದ ಅಂಡಾಣುವನ್ನು ೧೮೨೭ರಲ್ಲಿ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಹೆಣ್ಣುನಾಯಿಯ ಪುಟಿಕೆಯಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಕಂಡನು. ಕಾಯಿಯನ್ನು ಕಾಳೆಂದು ತಿಳಿದ ತಪ್ಪು ತಿದ್ದಲು ನೂರೈವತ್ತೈದು ವರ್ಷಗಳು ಬೇಕಾದುವು! ಆದರೂ ಮೊದಲು ವರ್ಣಿಸಿದವನ ಗೌರವಾರ್ಥವಾಗಿ, ಪೂರ್ಣವಾಗಿ ಬಲಿತ ಪುಟಿಕೆಯನ್ನು ಇಂದಿಗೂ ಗ್ರಾಫಿಯನ್ ಪುಟಿಕೆಯೆಂದೇ ಕರೆಯುವರು.

ಬೆಳವಣಿಗೆಯ ಹಂತಗಳು

ಮೊದಲನೆಯ ಹಂತದಲ್ಲಿ ಪುಟಿಕೆ ನಿದ್ರೆಯಲ್ಲಿರುವುದು. ನಡುವೆ ಅಂಡಾಣು, ಅದರ ಸುತ್ತ ಚಪ್ಪಟೆಯಾದ ಜೀವಕೋಶಗಳ ಒಂದೇ ಪದರ. ಇದಕ್ಕೆ ಆದಿಪುಟಿಕೆಯೆನ್ನುವರು. ಹೆಣ್ಣುಮಗು ಹುಟ್ಟುವ ಮೊದಲೇ ಇವು ಸಿದ್ಧವಾಗಿರುವುವು. ಕೆಲವು ಹತ್ತು ವರ್ಷಗಳಿಗೆ ಎಚ್ಚರಗೊಂಡರೆ ಇನ್ನು ಕೆಲವು ನಲವತ್ತು ವರ್ಷ ಹಾಗೆಯೇ ಮಲಗಿರುವುವು.

ಎಚ್ಚರಗೊಂಡ ಪುಟಿಕೆಯಲ್ಲಿ ಚಪ್ಪಟೆಯಾಗಿದ್ದ ಜೀವಕೋಶಗಳು ಘನಾಕಾರವನ್ನು ತಾಳುವುವು. ಅಂಡಾಣುವು ದಪ್ಪವಾಗುತ್ತ ತನ್ನ ಸುತ್ತ ಪಾರದರ್ಶಕವಾದ ಒಂದು ಹೊದಿಕೆಯನ್ನು ಪಡೆಯುವುದು. ಇದು ಎರಡನೆಯ ಹಂತ. ಮೂರನೆಯ ಹಂತದಲ್ಲಿ ಒಂದು ಪದರವು ಹಲವು ಪದರಗಳಾಗುವುದು. ಈ ಒಳಪದರಗಳ ಜೀವಕೋಶಗಳನ್ನು ಕಣಕೋಶಗಳೆಂದು ಕರೆಯೋಣ. ಅವುಗಳ ಹೊರಗೆ ರಕ್ತನಾಳಗಳಿಂದ ಕೂಡಿದ ಇನ್ನೊಂದು ಕವಚ ಬೆಳೆಯುವುದು. ನಾಲ್ಕನೆಯ ಹಂತದಲ್ಲಿ ಕಣಕೋಶಗಳ ನಡುವೆ ದ್ರವವು ಜಿನುಗಿ ಒಂದು ಕೊಳದಂತೆ ನಿಲ್ಲುವುದು. ಪುಟಿಕೆ ಬೇಗ ಬೇಗನೆ ಉಬ್ಬುವುದು ಇದರ ತರುವಾಯವೇ. ಮನುಷ್ಯರಲ್ಲಿ ಪೂರ್ಣವಾಗಿ ಬಲಿತ ಗ್ರಾಫಿಯನ್ ಪುಟಿಕೆಯ ಅಡ್ಡಳತೆ ಸುಮಾರು ೨೦ ಮಿಲಿಮೀಟರು. ಅದರೊಳಗಿನ ಅಂಡಾಣುವಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು.

ಈ ಪಯಣ ಒಂದು ತಿಂಗಳಿನದೆಂದು ಹಲವರು ತಿಳಿದಿರುವರು; ಅದು ಸರಿಯಲ್ಲ. ಆದಿಪುಟಿಕೆ ಎಚ್ಚರಗೊಂಡು ಬಲಿತು ಒಡೆಯುವವರೆಗೆ ಹಲವು ತಿಂಗಳುಗಳು ಬೇಕು. ಆ ದೀರ್ಘ ಪಯಣದ ಕೊನೆಯ ಎರಡು ವಾರಗಳು ಮಾತ್ರ ಆ ತಿಂಗಳಿನ ಋತುಚಕ್ರದಲ್ಲಿ ನಡೆಯುವುವು.

ಒಂದು ಲೆಕ್ಕ

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಿರಿ. ತಾಯಿಯ ಗರ್ಭದಲ್ಲಿರುವ ಹೆಣ್ಣುಶಿಶುವಿಗೆ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ ಸುಮಾರು ೬೦ರಿಂದ ೭೦ ಲಕ್ಷ ಬೀಜಕೋಶಗಳಿರುವುವು. ಹುಟ್ಟುವಾಗ ೧೦ರಿಂದ ೨೦ ಲಕ್ಷ ಅಂಡಾಣುಗಳು ಉಳಿಯುವುವು. ಹುಡುಗಿ ಮೈನೆರೆಯುವ ವೇಳೆಗೆ ೩-೪ ಲಕ್ಷ. ಆ ಬಳಿಕ ವರ್ಷಕ್ಕೆ ೧೩ರಂತೆ ೩೫ ವರ್ಷ ಅಂಡಗಳು ಬಿಡುಗಡೆಯಾದರೂ ಒಟ್ಟು ೪೫೫. ಎಂದರೆ, ಮೈನೆರೆಯುವಾಗ ಇದ್ದ ಸಾವಿರ ಪುಟಿಕೆಗಳಲ್ಲಿ ಒಂದೋ ಎರಡೋ ಮಾತ್ರ ಗುರಿ ಮುಟ್ಟುವುವು. ಉಳಿದುವೆಲ್ಲವೂ ನಡುದಾರಿಯಲ್ಲಿ ಬೆಳವಣಿಗೆ ನಿಂತು, ಕುಗ್ಗಿ, ಒಡಲಿನಲ್ಲಿಯೇ ಕರಗಿಹೋಗುವುವು. ಈ ಕ್ಷಯವು ರೋಗವಲ್ಲ, ಅಂಡಾಶಯದ ನಿತ್ಯಧರ್ಮ.

ಹಾಗಾದರೆ, ಇಷ್ಟೊಂದು ಪುಟಿಕೆಗಳಲ್ಲಿ ಯಾವುದು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂದು ನಿರ್ಣಯಿಸುವವರಾರು?

ಮಿದುಳಿನ ಆಜ್ಞೆ

ಮೊದಮೊದಲಿನ ಹಂತಗಳ ಬೆಳವಣಿಗೆಯು ಅಂಡಾಶಯದ ಒಳಗಿನ ವ್ಯವಹಾರ. ಅಂಡಾಣುವು ತಾನೇ ಕೆಲವು ಸಂದೇಶವಸ್ತುಗಳನ್ನು ಸ್ರವಿಸಿ, ಸುತ್ತಲಿನ ಕಣಕೋಶಗಳನ್ನು ಬೆಳೆಸಿಕೊಳ್ಳುವುದು. ಬೆಳೆಯುತ್ತಿರುವ ಪುಟಿಕೆಗಳು ಸ್ರವಿಸುವ ಇನ್ನೊಂದು ವಸ್ತುವು ಮಲಗಿರುವ ಆದಿಪುಟಿಕೆಗಳೆಲ್ಲವೂ ಒಮ್ಮೆಗೇ ಏಳದಂತೆ ತಡೆಯುವುದು. ಆದರೆ ದ್ರವ ತುಂಬಿದ ಹಂತದಿಂದ ಮುಂದೆ ಹೋಗಲು ಹೊರಗಿನ ಆಜ್ಞೆ ಬೇಕು. ಆ ಆಜ್ಞೆ ಬರುವುದು ಮಿದುಳಿನ ಅಡಿಯಲ್ಲಿ ಬಟಾಣಿಯಷ್ಟು ಚಿಕ್ಕದಾಗಿ ತೂಗುವ ಪಿಟ್ಯೂಟರಿ ಗ್ರಂಥಿಯಿಂದ.

ಈ ಮಾತಿಗೆ ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಯೋಗ ಸಾಕ್ಷಿಯಾಗಿದೆ. ನಮ್ಮ ಹೊಳೆಗಳ ಗೆಂಡೆ ಮೀನುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವುವೇ ಹೊರತು ಕೊಳದ ನಿಂತ ನೀರಿನಲ್ಲಿ ಇಡುವುದಿಲ್ಲ. ೧೯೫೭ನೆಯ ಜುಲೈ ೧೦ರಂದು ಒಡಿಶಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯೂಟರಿ ಗ್ರಂಥಿಯ ಸತ್ವವನ್ನು ಚುಚ್ಚುಮದ್ದಾಗಿ ಕೊಟ್ಟು ಅಂತಹ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವರು. ನೀರು ಹರಿಯದಿದ್ದರೂ ಆಜ್ಞೆ ತಲುಪಿದೊಡನೆ ಅಂಡಾಶಯ ತನ್ನ ಕೆಲಸವನ್ನು ಪೂರೈಸಿತು!

ಪಿಟ್ಯೂಟರಿಯ ಆಜ್ಞೆಯನ್ನು ರಕ್ತದಲ್ಲಿ ಹೊತ್ತು ತರುವ ವಸ್ತುಗಳು ಎರಡು. ಒಂದು, ಪುಟಿಕೆ ಪ್ರಚೋದಕ ಹಾರ್ಮೋನು, ಇದನ್ನು ಎಫ್.ಎಸ್.ಎಚ್. ಎಂದು ಸಂಕ್ಷೇಪಿಸುವರು. ಇನ್ನೊಂದು, ಪೀತಕಾರಕ ಹಾರ್ಮೋನು, ಅಥವಾ ಎಲ್.ಎಚ್. ಇವೆರಡರಲ್ಲಿ ಯಾವುದರ ಕೆಲಸ ಯಾವುದೆಂದು ಬೇರ್ಪಡಿಸಿ ತಿಳಿಯುವುದು ಸುಲಭವಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಜಾಣ ಉಪಾಯವನ್ನು ಬಳಸಿದರು. ಒಂದೊಂದು ಹಾರ್ಮೋನನ್ನೇ ಹಿಡಿದು ನಿಷ್ಫಲಗೊಳಿಸುವ ಪ್ರತಿಕಾಯಗಳನ್ನು ಸಿದ್ಧಪಡಿಸಿ, ಅವನ್ನು ಇಲಿ, ಕೋತಿ ಮೊದಲಾದ ಪ್ರಾಣಿಗಳಿಗೆ ಕೊಟ್ಟು, ಯಾವ ಹಾರ್ಮೋನು ಇಲ್ಲವಾದಾಗ ಯಾವ ಕೆಲಸ ನಿಲ್ಲುವುದೆಂಬುದನ್ನು ಪರೀಕ್ಷಿಸಿದರು.

ಇಂದು ನಮಗೆ ತಿಳಿದಿರುವುದಿಷ್ಟು. ಪುಟಿಕೆಯ ಹೊರಕವಚವು ಎಲ್.ಎಚ್.ನ ಆಜ್ಞೆಯಂತೆ ಒಂದು ಕಚ್ಚಾವಸ್ತುವನ್ನು ತಯಾರಿಸುವುದು. ಒಳಗಿನ ಕಣಕೋಶಗಳು ಎಫ್.ಎಸ್.ಎಚ್.ನ ಆಜ್ಞೆಯಂತೆ ಅದನ್ನು ಈಸ್ಟ್ರೋಜೆನ್ ಎಂಬ ಹಾರ್ಮೋನಾಗಿ ಮಾರ್ಪಡಿಸುವುವು. ಒಬ್ಬರು ನೂಲು ತೆಗೆದರೆ ಇನ್ನೊಬ್ಬರು ಕಂಬಳಿ ನೇಯ್ದಂತೆ, ಎರಡು ಕೈಗಳು ಕೂಡಿದರೇ ಕೆಲಸ. ಪಿಟ್ಯೂಟರಿಯೂ ಸ್ವತಂತ್ರವಲ್ಲ, ಅದರ ಮೇಲಿರುವ ಹೈಪೋಥಲಮಸ್ ಎಂಬ ಮಿದುಳಿನ ಭಾಗವು ಗಂಟೆ ಹೊಡೆದಂತೆ ಬಿಟ್ಟುಬಿಟ್ಟು ಕಳಿಸುವ ಸೂಚನೆಗೆ ಅದು ಕಿವಿಗೊಡಬೇಕು.

ಒಂದೇ ಏಕೆ ಬಲಿಯುವುದು?

ಪ್ರತಿ ಋತುಚಕ್ರದ ಆರಂಭದಲ್ಲಿ ಎಫ್.ಎಸ್.ಎಚ್. ತುಸು ಏರುವುದು. ಆಗ ಒಂದಲ್ಲ, ಹಲವು ಪುಟಿಕೆಗಳು ಒಟ್ಟಿಗೆ ಬೆಳೆಯತೊಡಗುವುವು. ಬೆಳೆದಂತೆಲ್ಲ ಅವು ಈಸ್ಟ್ರೋಜೆನ್ನನ್ನೂ ಇನ್‌ಹಿಬಿನ್ ಎಂಬ ಇನ್ನೊಂದು ವಸ್ತುವನ್ನೂ ರಕ್ತಕ್ಕೆ ಬಿಡುವುವು. ಇವು ಮಿದುಳನ್ನು ಮುಟ್ಟಿ, “ಇನ್ನು ಸಾಕು” ಎಂಬ ಉತ್ತರವನ್ನು ಕೊಡುವುವು. ಪಿಟ್ಯೂಟರಿಯು ಎಫ್.ಎಸ್.ಎಚ್.ನ ಸ್ರಾವವನ್ನು ಇಳಿಸುವುದು.

ಕಾಲುವೆಯ ನೀರು ಇಳಿಯತೊಡಗಿದಾಗ ಹೊಲದಲ್ಲಿ ಏನಾಗುವುದೆಂಬುದನ್ನು ಯೋಚಿಸಿರಿ. ಬೇರು ಆಳಕ್ಕೆ ಇಳಿದ ಗಿಡ ಉಳಿಯುವುದು, ಮಿಕ್ಕವು ಬಾಡುವುವು. ಅಂತೆಯೇ, ಎಲ್ಲಕ್ಕಿಂತ ತುಸು ಮುಂದಿರುವ ಪುಟಿಕೆಯಲ್ಲಿ ಎಫ್.ಎಸ್.ಎಚ್.ನ್ನು ಹಿಡಿಯುವ ಗ್ರಾಹಕಗಳು ಹೆಚ್ಚಾಗಿರುವುವು. ಅದರ ಕಣಕೋಶಗಳು ಎಲ್.ಎಚ್.ನ್ನೂ ಗ್ರಹಿಸಲು ಕಲಿತಿರುವುವು. ಆದುದರಿಂದ ಕೊಂಚವೇ ಹಾರ್ಮೋನಿನಲ್ಲಿಯೂ ಅದು ಬೆಳೆಯುವುದು. ಉಳಿದವು ಕ್ಷಯಿಸುವುವು. ಹೀಗೆ ಗೆದ್ದ ಪುಟಿಕೆಗೆ ಪ್ರಧಾನ ಪುಟಿಕೆಯೆಂದು ಹೆಸರು.

ಪ್ರಧಾನ ಪುಟಿಕೆಯ ಈಸ್ಟ್ರೋಜೆನ್ ಬಹಳ ಏರಿ ಸುಮಾರು ಎರಡು ದಿನ ಹಾಗೆಯೇ ನಿಂತಾಗ, ಅದುವರೆಗೆ “ಸಾಕು” ಎನ್ನುತ್ತಿದ್ದ ಅದೇ ವಸ್ತುವು “ಈಗ” ಎಂಬ ಸೂಚನೆಯಾಗುವುದು. ಎಲ್.ಎಚ್. ಪ್ರವಾಹದಂತೆ ಉಕ್ಕುವುದು. ಆ ಉಕ್ಕು ಆರಂಭವಾದ ಸುಮಾರು ೩೬ ಗಂಟೆಗಳಲ್ಲಿ ಪುಟಿಕೆ ಒಡೆದು ಅಂಡಾಣು ಹೊರಬರುವುದು. ಬರಿದಾದ ಪುಟಿಕೆಯೂ ವ್ಯರ್ಥವಾಗುವುದಿಲ್ಲ. ಅದು ಹಳದಿಬಣ್ಣದ ಪೀತಪಿಂಡವಾಗಿ ಮಾರ್ಪಟ್ಟು, ಗರ್ಭಕೋಶವನ್ನು ಸಿದ್ಧಗೊಳಿಸುವ ಪ್ರೊಜೆಸ್ಟರೋನ್ ಹಾರ್ಮೋನನ್ನು ಸ್ರವಿಸುವುದು. ಗರ್ಭ ನಿಲ್ಲದಿದ್ದರೆ ಮನುಷ್ಯರಲ್ಲಿ ಸುಮಾರು ೧೪ ದಿನಗಳಲ್ಲಿ ಪೀತಪಿಂಡವು ಬಾಡುವುದು, ಗರ್ಭಕೋಶದ ಒಳಪದರವು ಕಳಚುವುದು. ಇದೇ ಮುಟ್ಟು. ಕುರಿಯಲ್ಲಿ ಮುಟ್ಟು ಇಲ್ಲ. ಗರ್ಭ ನಿಲ್ಲದಿದ್ದರೆ ಸುಮಾರು ೧೭ ದಿನಗಳಿಗೊಮ್ಮೆ ಅದು ಮತ್ತೆ ಬೆದೆಗೆ ಬರುವುದು. ಆದರೆ ಆಜ್ಞೆ ಮತ್ತು ಉತ್ತರಗಳ ಕ್ರಮವು ಎರಡರಲ್ಲಿಯೂ ಒಂದೇ ಬಗೆಯದು.

ಫಲಟಣದ ಕುರಿಗಳು

ಈಗ ನಮ್ಮ ಮೊದಲಿನ ಪ್ರಶ್ನೆಗೆ ಮರಳೋಣ. ಪ್ರಧಾನ ಪುಟಿಕೆ ಒಂದೇ ಆದರೆ ಒಂದು ಮರಿ. ಗರೋಲ್ ಕುರಿಯಲ್ಲಿ ಎರಡು ಮೂರು ಪುಟಿಕೆಗಳು ಗೆಲ್ಲುವುದು ಹೇಗೆ?

ಈ ಕಥೆಯ ಒಂದು ತುದಿ ಆಸ್ಟ್ರೇಲಿಯದಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲಕತ್ತೆಯಿಂದ ಹೊರಟ ಹಡಗುಗಳಲ್ಲಿ ಬಂಗಾಳದ ಕುರಿಗಳು ಆ ದೇಶವನ್ನು ಸೇರಿದುವು. ಅವುಗಳ ರಕ್ತ ಅಲ್ಲಿನ ಮೆರಿನೊ ಕುರಿಗಳಲ್ಲಿ ಬೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಬೂರೂಲ ಎಂಬ ಕುರಿಸಾಕಣೆಯ ಮೆರಿನೊ ಹಿಂಡು ಹೆಚ್ಚು ಮರಿಗಳನ್ನು ಈಯುತ್ತಿರುವುದು ಎಲ್ಲರ ಗಮನವನ್ನು ಸೆಳೆಯಿತು. ೧೯೮೦ರ ದಶಕದ ಆರಂಭದಲ್ಲಿ, ಇದಕ್ಕೆ ಒಂದೇ ಒಂದು ಜೀನ್ ಕಾರಣವೆಂದು ವಿಜ್ಞಾನಿಗಳು ಗುರುತಿಸಿದರು. ೨೦೦೧ರಲ್ಲಿ ಆ ಜೀನಿನೊಳಗಿನ ಬದಲಾವಣೆಯೂ ಪತ್ತೆಯಾಯಿತು. ಮುಂದಿನ ವರ್ಷ ಗರೋಲ್ ಕುರಿಯಲ್ಲಿಯೂ ಅದೇ ಬದಲಾವಣೆ ಇರುವುದು ಪ್ರಕಟವಾಯಿತು.

ಆ ಬದಲಾವಣೆ ಎಷ್ಟು ಚಿಕ್ಕದೆಂದರೆ, ಡಿ.ಎನ್.ಎ. ಎಂಬ ಉದ್ದನೆಯ ಬರವಣಿಗೆಯಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿದೆ. ಅದರ ಫಲವಾಗಿ ಒಂದು ಗ್ರಾಹಕ ಪ್ರೋಟೀನಿನ ೨೪೯ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬಂದು ಕುಳಿತಿದೆ. ಅಂಡಾಣುವಿನಲ್ಲಿಯೂ ಕಣಕೋಶಗಳಲ್ಲಿಯೂ ಇರುವ ಈ ಗ್ರಾಹಕವು ಪುಟಿಕೆ ಅವಸರದಿಂದ ಬಲಿಯದಂತೆ ಹಿಡಿದಿಡುವ ವ್ಯವಸ್ಥೆಯ ಒಂದು ಭಾಗ. ಅದು ಬದಲಾದೊಡನೆ ಹಿಡಿತ ಸಡಿಲುವುದು. ಸಾಮಾನ್ಯ ಕುರಿಯ ಪುಟಿಕೆ ೫ ಮಿಲಿಮೀಟರಿಗೂ ಮೀರಿ ಬೆಳೆದ ಮೇಲೆ ಪಕ್ವವಾದರೆ, ಈ ಜೀನಿನ ಎರಡು ಪ್ರತಿಗಳಿರುವ ಕುರಿಯ ಪುಟಿಕೆಗಳು ೩ರಿಂದ ೫ ಮಿಲಿಮೀಟರಿನಲ್ಲಿಯೇ ಪಕ್ವವಾಗುವುವು. ಒಂದೊಂದು ಪುಟಿಕೆಯೂ ಚಿಕ್ಕದಾಗಿ ಕೊಂಚವೇ ಹಾರ್ಮೋನು ಬಿಡುವುದರಿಂದ, ಹಲವು ಕೂಡಿದ ಮೇಲೆಯೇ “ಸಾಕು” ಎಂಬ ಉತ್ತರವು ಮಿದುಳಿಗೆ ಮುಟ್ಟುವುದು. ಒಂದು ದೊಡ್ಡ ಪುಟಿಕೆಯ ಕೆಲಸವನ್ನು ಎರಡು ಮೂರು ಚಿಕ್ಕ ಪುಟಿಕೆಗಳು ಹಂಚಿಕೊಂಡಂತಾಯಿತು.

ಕಥೆಯ ಇನ್ನೊಂದು ತುದಿ ನಮ್ಮ ನೆರೆಯಲ್ಲಿಯೇ ಇದೆ. ಪುಣೆಯಿಂದ ನೂರು ಕಿಲೋಮೀಟರಿಗೆ ತುಸು ಮೇಲ್ಪಟ್ಟು ದೂರದಲ್ಲಿ, ಸಾತಾರಾ ಜಿಲ್ಲೆಯ ಫಲಟಣದಲ್ಲಿ, ಬಿ. ವಿ. ನಿಂಬಕರ ಅವರು ೧೯೬೮ರಲ್ಲಿ ಸ್ಥಾಪಿಸಿದ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯುಂಟು. ಈ ಸಂಸ್ಥೆಯವರು ೧೯೯೦ರ ದಶಕದಲ್ಲಿ ಸುಂದರಬನದಿಂದ ಗರೋಲ್ ಕುರಿಗಳನ್ನು ತಂದರು. ಅವುಗಳ ಸಂತತಿಯನ್ನು ದಖ್ಖನಿ ಕುರಿಗಳೊಡನೆ ಕೂಡಿಸಿ, ಮೈ ದಖ್ಖನಿಯದಾಗಿ ಜೀನ್ ಮಾತ್ರ ಗರೋಲಿನದಾಗಿ ಉಳಿಯುವಂತೆ ಹಲವು ಪೀಳಿಗೆ ಆರಿಸುತ್ತ ಬಂದರು. ಯಾವ ಮರಿಯಲ್ಲಿ ಆ ಜೀನ್ ಇದೆಯೆಂದು ಕಣ್ಣಿಗೆ ಕಾಣುವುದಿಲ್ಲವಷ್ಟೆ. ಅದರ ರಕ್ತವನ್ನು ಪರೀಕ್ಷಿಸುವ ಕೆಲಸದಲ್ಲಿ ಕೈಗೂಡಿಸಿದ್ದು ನಮ್ಮ ಪುಣೆಯ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ. ಹೀಗೆ ಸಿದ್ಧವಾದ ತಳಿಗೆ ‘ನಾರಿ ಸುವರ್ಣ’ ಎಂದು ಹೆಸರು. ಈ ಜೀನನ್ನು ಹೊತ್ತ ಟಗರುಗಳನ್ನು ಸುತ್ತಲಿನ ಕುರಿಗಾರರ ಹಿಂಡುಗಳಿಗೂ ಕೊಟ್ಟರು.

ಕುರಿಗಾರನಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಒರಟು ಉಣ್ಣೆಗೆ ಇಂದು ಹೆಚ್ಚು ಬೆಲೆಯಿಲ್ಲ; ಮರಿ ಮಾರಿ ಬಂದ ಹಣದಿಂದಲೇ ಅವನ ಮಕ್ಕಳ ಶಾಲೆ ನಡೆಯಬೇಕು. ಆದರೆ ಎರಡು ಮರಿಗಳಿಗೆ ಸಾಲುವಷ್ಟು ಹಾಲು ತಾಯಿಯ ಕೆಚ್ಚಲಿನಲ್ಲಿ ಇರಬೇಕು. ಹಾಲು ಬರಲು ಮೇವು ಬೇಕು. ಮೂರು ಮರಿಗಳಾದರೆ ಬರಗಾಲದ ವರ್ಷ ಮೂರೂ ಸೊರಗುವುವು. ದಖ್ಖನಿಯ ಒಣನೆಲಕ್ಕೆ ಒಂದೇ ಮರಿಯ ಕುರಿ ಹೊಂದಿಕೊಂಡು ಬಂದುದು ಅಕಾರಣವಲ್ಲ. ಪುಟಿಕೆಗಳಿಗೆ ಬಿದ್ದ ಕಡಿವಾಣವನ್ನು ಸಡಿಲಿಸಿದವನು ಮೇವಿನ ಹೊಣೆಯನ್ನೂ ಹೊರಬೇಕು.

ಚೀಟಿಗೆ ಉತ್ತರ

ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಕುರಿಗೆ ಒಂದು ಮರಿ, ಇನ್ನೊಂದಕ್ಕೆ ಎರಡು. ಇದರಲ್ಲಿ ಕುರಿಯ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಈ ಮಾತನ್ನು ಮನುಷ್ಯರಿಗೂ ಅನ್ವಯಿಸಿ ನೋಡಿರಿ.

ಹುಡುಗಿ ಮೈನೆರೆದ ಮೊದಲಿನ ಕೆಲವು ವರ್ಷಗಳಲ್ಲಿ ಹೈಪೋಥಲಮಸ್, ಪಿಟ್ಯೂಟರಿ ಮತ್ತು ಅಂಡಾಶಯಗಳ ನಡುವಣ ಆಜ್ಞೆ, ಉತ್ತರಗಳು ಇನ್ನೂ ಹದಗೊಂಡಿರುವುದಿಲ್ಲ. ಪುಟಿಕೆಗಳು ಬೆಳೆದರೂ ಎಲ್.ಎಚ್. ಉಕ್ಕದೆ, ಅಂಡ ಬಿಡುಗಡೆಯಾಗದೆ ಇರುವುದುಂಟು. ಆದುದರಿಂದ ಮುಟ್ಟು ೨೧ ದಿನಕ್ಕೂ ಬರಬಹುದು, ೪೫ ದಿನಕ್ಕೂ ಬರಬಹುದು. ಎಂದಾದರೊಮ್ಮೆ ಇನ್ನೂ ತಡವಾಗಬಹುದು. ಹೊಟ್ಟೆ ತುಂಬ ಉಣ್ಣದಿದ್ದರೆ, ಬಹಳ ತೂಕ ಇಳಿದರೆ, ಚಿಂತೆ ಮಿತಿಮೀರಿದರೆ ಹೈಪೋಥಲಮಸ್ ತನ್ನ ಗಂಟೆಯನ್ನೇ ನಿಲ್ಲಿಸಿಬಿಡುವುದು. ಈಚೆಗೆ ನೀವು ಕೇಳುತ್ತಿರುವ ಪಿ.ಸಿ.ಓ.ಎಸ್. ಎಂಬ ತೊಂದರೆಯಲ್ಲ್ಲಿ ಅಂಡಾಶಯದ ಗುಳ್ಳೆಗಳೆಂದು ಹೇಳುವುವು ಬೇರೆ ಏನೂ ಅಲ್ಲ. ನಡುದಾರಿಯಲ್ಲಿ ಬೆಳವಣಿಗೆ ನಿಂತ ಪುಟಿಕೆಗಳೇ. ಮೂರು ತಿಂಗಳವರೆಗೆ ಮುಟ್ಟು ಬಾರದಿದ್ದರೆ, ಒಮ್ಮೆ ಬಂದುದು ಏಳು ದಿನ ಮೀರಿದರೆ, ಅಥವಾ ಹದಿನೈದು ವರ್ಷ ತುಂಬಿದರೂ ಮೈನೆರೆಯದಿದ್ದರೆ ತಾಯಿಗೆ ತಿಳಿಸಿ ವೈದ್ಯರಲ್ಲಿಗೆ ಹೋಗಬೇಕು. ಜ್ವರ ಬಂದಾಗ ಹೋಗುವಂತೆಯೇ ಹೋಗಬೇಕು, ಅಂಜಬೇಕಾದುದೇನೂ ಇಲ್ಲ.

ಹುಡುಗರಿಗೂ ಒಂದು ಮಾತು. ಮುಂದೆ ನೀವು ಗೃಹಸ್ಥರಾಗುವಿರಿ. ಮಕ್ಕಳಾಗದ ಹೆಂಗಸನ್ನು ಬಂಜೆಯೆಂದು ಕರೆದು ಶುಭಕಾರ್ಯಗಳಿಂದ ದೂರವಿಡುವುದನ್ನು ನಮ್ಮ ಊರುಗಳಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಮಕ್ಕಳಾಗದಿರುವ ಕಾರಣವು ಗಂಡಸಿನಲ್ಲಿಯೂ ಇರಬಹುದು, ಹೆಂಗಸಿನಲ್ಲಿಯೂ ಇರಬಹುದು. ಹೆಂಗಸಿನಲ್ಲಿಯೇ ಇದ್ದರೂ ಅದು ಆಜ್ಞೆ ತಲುಪದ ಪುಟಿಕೆಯ ಸಂಗತಿಯಾಗಿರಬಹುದು. ಅದಕ್ಕೆ ಚಿಕಿತ್ಸೆಯೂ ಉಂಟು. ಬಿರುನುಡಿಯಿಂದ ಯಾವ ಪುಟಿಕೆಯೂ ಬೆಳೆಯಲಾರದು.

ಚೀಟಿ ಬರೆದ ವಿದ್ಯಾರ್ಥಿನಿ ಈಗ ನಮ್ಮ ಶಾಲೆಯನ್ನು ಬಿಟ್ಟು ಹೋಗಿರಬಹುದು. ಅವಳ ತಂಗಿಯೋ ನೆರೆಮನೆಯವಳೋ ಈ ಸಂಚಿಕೆಯನ್ನು ಅವಳಿಗೆ ತೋರಿಸಲಿ ಎಂಬುದು ನಮ್ಮ ಆಸೆ. ನಿನ್ನಲ್ಲಿ ದೋಷವಿರಲಿಲ್ಲ, ಮಗು. ಪಾಠವನ್ನು ಬಿಟ್ಟು ಮುಂದೆ ಸರಿದ ನಮ್ಮಲ್ಲಿ ಇದ್ದಿತು. ಮುಂದಿನ ವರ್ಷ ಈ ಪುಟಗಳು ಬಂದಾಗ ವರ್ಗದಲ್ಲಿ ಯಾರೂ ಚೀಟಿ ಬರೆಯದೆ, ಕೈಯೆತ್ತಿ ಎದ್ದು ನಿಂತು ಕೇಳಿದರೆ ನಮ್ಮ ಈ ಬರಹ ಸಾರ್ಥಕವಾಯಿತು.